ಒಂದು ಚಿಟಿಕೆ ಹೊಗೆಸೊಪ್ಪಿನ ಬೀಜ

ಬೋಗುಣಿಯ ಒಂದು ಮೂಲೆಯ ಸಸಿಗಳು ಒರಗಿಬಿಟ್ಟಿದ್ದವು. ನಿನ್ನೆ ಸಂಜೆ ನೀರು ಚಿಮುಕಿಸುವಾಗ ನೆಟ್ಟಗೆ ನಿಂತಿದ್ದವು. ಬೆಳಗಾಗುವುದರೊಳಗೆ ಅಂಗೈಯಗಲದ ಜಾಗದಲ್ಲಿ ಒಂದರ ಹೆಗಲ ಮೇಲೊಂದು ತಲೆಯಿಟ್ಟು ಮಲಗಿವೆ. ಗಡಿಯಾರದವರು ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೋಗುಣಿಯ ಮೇಲೆ ಬಾಗಿದರು. ಎಲೆ ಇನ್ನೂ ಹಸಿರಾಗಿಯೇ ಇತ್ತು. ಕೆಟ್ಟದ್ದು ಬುಡ. ಮಣ್ಣಿಗೆ ತಾಗಿದ ಕಡೆ ಕಾಂಡ ಕಂದಿ, ನೂಲಿನಷ್ಟು ಸಣ್ಣಗಾಗಿ, ತನ್ನ ಎರಡು ಪುಟ್ಟ ಎಲೆಗಳ ಭಾರವನ್ನೂ ಹೊರಲಾರದೆ ಬಿದ್ದಿತ್ತು. ಚಿಮುಟದಿಂದ ಒಂದನ್ನು ಎತ್ತಿ ನಿಲ್ಲಿಸಿದರು. ಬಿಟ್ಟೊಡನೆ ಅದು ಮತ್ತೆ ಮಲಗಿತು.

"ಏನು ಮಾಡಲಿ ಭಗವಂತ," ಎಂದರು ಮೆಲ್ಲಗೆ. ಈಚೆಗೆ ಅವರು ಮನೆಯಲ್ಲಿ ಮಾತಾಡುತ್ತಿದ್ದುದು ಅವನೊಬ್ಬನ ಜೊತೆಗೇ.

ಅಂಗಡಿ ಮುಚ್ಚಿ ಆರು ವರ್ಷವಾಗಿದ್ದರೂ ಬೀದಿಯವರಿಗೆ ಅವರು ಗಡಿಯಾರದವರೇ. ನಲವತ್ತು ವರ್ಷ ಬೇರೆಯವರ ಗಡಿಯಾರ ಬಿಚ್ಚಿ ಜೋಡಿಸಿದ ಕೈ. ಆ ಕೆಲಸದಲ್ಲಿ ಹೊಗೆ ಸೇದುವ ಹಾಗಿಲ್ಲ, ಬೂದಿ ಉದುರಿದರೆ ಕೆಲಸ ಕೆಟ್ಟಂತೆ; ಹಾಗಾಗಿ ಅವರಿಗೆ ಅಂಟಿದ್ದು ನಶ್ಯ. ಅದಕ್ಕೆಂದೇ ಹಿತ್ತಿಲಲ್ಲಿ ಪ್ರತಿ ವರ್ಷ ಇಪ್ಪತ್ತು ಹೊಗೆಸೊಪ್ಪಿನ ಗಿಡ. ಗಂಡಹೆಂಡಿರು ಆ ಕೆಲಸವನ್ನು ಹಂಚಿಕೊಂಡಿದ್ದರು. ಬೀಜ ಹಾಕಿ ಸಸಿ ಎಬ್ಬಿಸುವುದು ಆಕೆಯ ಪಾಲು. ನಾಲ್ಕು ಬೆರಳೆತ್ತರದ ಸಸಿಗಳನ್ನು ಆಕೆ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಕೈಗೆ ಕೊಟ್ಟ ಮೇಲಿನದೆಲ್ಲ ಇವರ ಪಾಲು: ನೆಡುವುದು, ಹುಳ ಆರಿಸುವುದು, ಮೊಗ್ಗು ಚಿವುಟುವುದು, ಸೊಪ್ಪು ಕೊಯ್ದು ನೆರಳಲ್ಲಿ ತೂಗುಹಾಕುವುದು. ಬೀಜಕ್ಕೆಂದು ಒಂದೇ ಒಂದು ಗಿಡವನ್ನು ಹೂ ಬಿಡಲು ಬಿಡುತ್ತಿದ್ದರು. ಆ ಕಾಯಿ ಒಡೆದು ಸೀಸೆಗೆ ತುಂಬುವುದು ಮತ್ತೆ ಆಕೆಯ ಕೆಲಸ.

ಆಕೆ ಹೋಗಿ ಎಂಟು ತಿಂಗಳು. ಹೋದ ದಿನದಿಂದ ಇವರು ನಶ್ಯ ಮುಟ್ಟಿಲ್ಲ. ಬೇಕೆನಿಸಲಿಲ್ಲ, ಅಷ್ಟೆ. ಆದರೆ ಅಡುಗೆಮನೆಯ ಗೂಡಿನಲ್ಲಿ ಬೀಜದ ಸೀಸೆ ಕಣ್ಣಿಗೆ ಬಿದ್ದಾಗ, ಆಕೆಯ ಕೈ ಕೊನೆಯದಾಗಿ ಮುಚ್ಚಿದ ಬಿರಡೆ ಇದು ಎಂದು ಹೊಳೆದು, ಅದನ್ನು ಹಾಗೇ ಇಡಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ. ಆಕೆ ಮಾಡುತ್ತಿದ್ದುದನ್ನು ನೆನೆನೆನೆದು ಮಾಡಿದರು. ಬೋಗುಣಿಗೆ ಜರಡಿ ಹಿಡಿದ ಮಣ್ಣು ತುಂಬಿದರು. ಕಾಡಿಗೆಯ ಪುಡಿಯಂಥ ಬೀಜವನ್ನು ಮರಳಿನೊಂದಿಗೆ ಬೆರೆಸಿ ಉದುರಿಸಿದರು. ಮೇಲೆ ಮಣ್ಣು ಮುಚ್ಚದೆ ಅಂಗೈಯಿಂದ ಮೆಲ್ಲಗೆ ಒತ್ತಿದರು. ಎಲ್ಲವೂ ಸರಿಯಾಗಿತ್ತು, ಒಂದನ್ನು ಬಿಟ್ಟು. ಸೀಸೆಯಲ್ಲಿದ್ದ ಬೀಜವನ್ನೆಲ್ಲ ಹಾಕಿದ್ದರು. ಗಡಿಯಾರ ಮುಚ್ಚಿದ ಮೇಲೆ ಮೇಜಿನ ಮೇಲೆ ಒಂದು ತಿರುಪು ಮಿಕ್ಕಿದರೂ ಆ ಗಡಿಯಾರ ಕೆಟ್ಟಿತೆಂದೇ ನಂಬಿ ಬದುಕಿದವರು ಅವರು. ತಳದಲ್ಲಿ ಅಂಟಿದ್ದನ್ನೂ ಕುಂಚದಿಂದ ಬಿಡಿಸಿ ಉದುರಿಸಿದ್ದರು.

ಹತ್ತನೆಯ ದಿನ ಮಣ್ಣಿನ ಮೇಲೆ ಹಸಿರು ಮಂಜು ಕವಿದಂತೆ ಕಂಡಿತು. ಆ ದಿನ ಅವರು ಊಟ ಮರೆತರು. ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಬೆಳಕು ಬೋಗುಣಿಯ ಈ ಅಂಚಿನಿಂದ ಆ ಅಂಚಿಗೆ ಸರಿಯುವುದನ್ನೇ ನೋಡಿದರು. ಆಮೇಲೆ ಎರಡು ವಾರ ದಿನಗಳು ಹಾಗೇ ತೇಲಿಹೋದವು.

ಈಗ ಮೂಲೆ ಮಲಗಿದೆ.

"ಬಾಗಿಲು ತೆಗೆದಿಟ್ಟು ಯಾರ ಗಡಿಯಾರ ರಿಪೇರಿ ಮಾಡ್ತಿದೀರಿ ಭಾವ?"

ಹೆಂಡತಿಯ ತಂಗಿ. ಅರವತ್ತು ದಾಟಿ, ಮೊಮ್ಮಕ್ಕಳನ್ನು ಕಂಡರೂ ಮನೆಮಂದಿಗೆಲ್ಲ ಅವಳು ಪುಟ್ಟಿಯೇ. ಎರಡು ಬೀದಿ ಆಚೆಯಿಂದ ವಾರಕ್ಕೊಮ್ಮೆ ಡಬ್ಬಿಯಲ್ಲಿ ಏನಾದರೂ ತರುತ್ತಾಳೆ, ಜೊತೆಗೆ ನಾಲ್ಕು ಮಾತನ್ನೂ. ಡಬ್ಬಿ ಇಟ್ಟು ಬೋಗುಣಿಯತ್ತ ಬಂದವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಇದೇನು, ಬೋಗುಣಿಗೆ ಕಂಬಳಿ ಹೊದಿಸಿದ ಹಾಗಿದೆ. ಎಷ್ಟು ಬೀಜ ಹಾಕಿದ್ರಿ?"

"ಇದ್ದಷ್ಟೂ."

"ಇದ್ದಷ್ಟೂ ಅಂದ್ರೆ?"

"ಸೀಸೆ ಖಾಲಿ."

ಪುಟ್ಟಿ ಬೋಗುಣಿಯನ್ನು ಬೆಳಕಿಗೆ ತುಸು ಎಳೆದು ನೋಡಿದಳು.

"ಒಂದು ಚಿಟಿಕೆ ಹಾಕಿದ್ರೆ ಸಾವಿರ ಹುಟ್ಟತ್ತೆ ಭಾವ. ಇವಕ್ಕೆ ಗಾಳಿ ಎಲ್ಲಿಂದ ಬರ್ಬೇಕು? ಇನ್ನು ಎರಡು ದಿನ ಬಿಟ್ರೆ ಈ ಮೂಲೆ ಆಯ್ತು, ಆ ಮೂಲೆನೂ ಆಗತ್ತೆ. ಎಲ್ಲಾ ಕೊಳೆತುಹೋಗತ್ತೆ. ಕೀಳ್ಬೇಕು."

"ಬಿದ್ದದ್ದನ್ನು ಕೀಳ್ತೀನಿ."

"ನಿಂತಿರೋದನ್ನ ಕೀಳ್ಬೇಕು." ಅವಳು ತೋರುಬೆರಳು ಹೆಬ್ಬೆರಳು ಕೂಡಿಸಿ ಬಗ್ಗಿಯೇಬಿಟ್ಟಳು. ಗಡಿಯಾರದವರು ಅವಳ ಮಣಿಕಟ್ಟು ಹಿಡಿದರು. ಇಷ್ಟು ವರ್ಷದಲ್ಲಿ ಅವರು ನಾದಿನಿಯ ಕೈ ಹಿಡಿದವರಲ್ಲ, ಇಬ್ಬರಿಗೂ ಮುಜುಗರವಾಯಿತು.

"ನಿಮ್ಮಕ್ಕ ಯಾವತ್ತೂ ಒಂದನ್ನೂ ಕಿತ್ತವಳಲ್ಲ," ಎಂದರು ಕೈಬಿಟ್ಟು. "ಹುಟ್ಟಿದ್ದನ್ನೆಲ್ಲ ನನ್ನ ಕೈಗೆ ಕೊಡ್ತಿದ್ದಳು."

"ಇಪ್ಪತ್ತು ಕೊಡ್ತಿದ್ದಳು. ಇಪ್ಪತ್ತೇ ಬೀಜ ಹಾಕ್ತಿದ್ದಳು ಅಂದ್ಕೊಂಡ್ರಾ? ಕಣ್ಣಿಗೇ ಕಾಣದ ಬೀಜವನ್ನ ಎಣಿಸಿ ಹಾಕೋಕೆ ಅವಳೇನು ನಿಮ್ಮ ಹಾಗೆ ಕಣ್ಣಿಗೆ ಕೊಳವೆ ಇಟ್ಕೊಂಡಿದ್ಲಾ?" ಪುಟ್ಟಿ ಕುರ್ಚಿಯಲ್ಲಿ ಕೂತಳು. "ಮಧ್ಯಾಹ್ನ ನೀವು ಅಂಗಡೀಲಿರ್ತಿದ್ರಿ, ಅಂಗಡಿ ಮುಚ್ಚಿದ ಮೇಲೆ ಮಲಗಿರ್ತಿದ್ರಿ. ಆಗ ಕೀಳೋಳು. ನಾನೂ ಎಷ್ಟೋ ಸಲ ಜೊತೆಗೆ ಕೂತಿದೀನಿ. ಬಾಯಲ್ಲಿ ದೇವರ ಹೆಸರು, ಕೈಯಲ್ಲಿ ಈ ಕೆಲಸ."

"ನನಗೆ ಹೇಳಲೇ ಇಲ್ಲ."

"ಹೇಳಿದ್ರೆ ನೀವು ಬಿಡ್ತಿದ್ರಾ? ಮುರಿದ ಮುಳ್ಳು, ಸವೆದ ಚಕ್ರ ಅಂತ ಇನ್ನೂ ನಾಲ್ಕು ಡಬ್ಬಿ ಮಂಚದ ಕೆಳಗೆ ಇಟ್ಟಿದೀರಲ್ಲ. ಅವಳಿಗೆ ನಿಮ್ಮ ಬುದ್ಧಿ ಗೊತ್ತಿತ್ತು."

ಅವರಿಗೆ ಕೋಪ ಬರಬೇಕಾಗಿತ್ತು, ಬರಲಿಲ್ಲ. ಪ್ರತಿ ವರ್ಷ ಆ ಒದ್ದೆ ಬಟ್ಟೆ ಬಿಚ್ಚುವಾಗ ಆಕೆಯ ಬೆರಳ ತುದಿ ಹಸಿರುಗಟ್ಟಿರುತ್ತಿತ್ತು. ಅದೇಕೆಂದು ತಾನು ಕೇಳಲಿಲ್ಲ. ಕೇಳದೆಯೇ ಅಷ್ಟು ವರ್ಷ ಸರಿದುಹೋದವು.

"ಯಾವುದನ್ನ ಉಳಿಸೋದು ಅಂತ ಹೇಗೆ ಗೊತ್ತಾಗ್ತಿತ್ತು ಅವಳಿಗೆ?"

"ಉದ್ದಕ್ಕೆ ಎದ್ದು ನಿಂತಿದ್ದು ಬೇಡ ಅನ್ನೋಳು. ಅದು ಬೆಳಕಿಗೆ ಆಸೆಪಟ್ಟು ಸೊರಗಿದ್ದು. ನೆಲಕ್ಕಂಟಿ ಗಟ್ಟಿಯಾಗಿ ಕೂತಿರತ್ತಲ್ಲ, ಅದು ಬೇಕು." ಪುಟ್ಟಿಯ ತುಟಿಯಂಚಿನಲ್ಲಿ ನಗು ಕಾಣಿಸಿತು. "ಗಂಡನ್ನೂ ಹಾಗೇ ಆರಿಸಿದ್ದು. ಮರದಂಥ ಗಂಡೊಂದು ಕೇಳ್ಕೊಂಡು ಬಂದಿತ್ತು, ಬೇಡ ಅಂದಳು. ಆಮೇಲೆ ಬಂದಿದ್ದು ನೀವು. ಅವಳ ಕಿವಿವರೆಗೂ ಬರಲಿಲ್ಲ."

"ಭುಜಕ್ಕಿಂತ ಮೇಲೇ ಇದ್ದೆ."

"ಇದ್ರಿ, ಇದ್ರಿ." ಅವಳು ಎದ್ದಳು. "ಎಡಗೈ ಬೆರಳಿಂದ ಉಳಿಯೋದರ ಬುಡ ಒತ್ತಿ ಹಿಡೀಬೇಕು, ಬಲಗೈಯಿಂದ ಪಕ್ಕದ್ದನ್ನ ಎಳೀಬೇಕು. ಇಲ್ದಿದ್ರೆ ಎರಡೂ ಬರತ್ತೆ. ಚಿಮುಟ ಬೇಡ, ಕಾಂಡ ಜಜ್ಜಿಹೋಗತ್ತೆ. ನಾನು ಮಾಡ್ಕೊಡ್ಲಾ?"

"ಬೇಡ."

"ಅವಳ ಬೀಜ ಇಷ್ಟೇ ಭಾವ ಉಳಿದಿರೋದು," ಎಂದಳು ಬಾಗಿಲಲ್ಲಿ ನಿಂತು, ಈ ಸಲ ತಮಾಷೆಯಿಲ್ಲದೆ. "ಇದು ಹೋದ್ರೆ ಇನ್ನಿಲ್ಲ."

ಅವಳು ಹೋದ ಮೇಲೆ ಅವರು ಬೋಗುಣಿಯ ಮುಂದೆ ಕೂತರು. ಬೆರಳು ಚಾಚಿದರು, ಹಿಂದಕ್ಕೆಳೆದರು. ಇನ್ನೂ ಮೂರನೆಯ ಎಲೆ ಬಾರದ ಜೀವಗಳು. ಯಾವುದೂ ಯಾವ ತಪ್ಪನ್ನೂ ಮಾಡಿಲ್ಲ. ಯಾರನ್ನು ಉಳಿಸಬೇಕು, ಯಾರನ್ನು ಕರೆಯಬೇಕು ಎನ್ನುವುದು ಭಗವಂತನ ಕೆಲಸ. ತನ್ನಂಥವನ ಕೈಗೆ ಅದೇಕೆ ಬಂತು? ಮಧ್ಯಾಹ್ನದ ಬಿಸಿಲು ಮೊಣಕಾಲ ಮೇಲೆ ಬಿದ್ದಿತ್ತು. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋಗುವ ಸದ್ದು ದೂರವಾಗುತ್ತ ಹೋಯಿತು.

ಹಸಿರು ಅವರ ಸುತ್ತ ಎದ್ದಿತು. ಎಲೆಗಳು ತಲೆಯ ಮೇಲೆ ಚಪ್ಪರದಂತೆ ಹೆಣೆದುಕೊಂಡಿದ್ದವು. ಅವುಗಳ ಸಂದಿಯಿಂದ ಬೆಳಕು ಹನಿಹನಿಯಾಗಿ ಬೀಳುತ್ತಿತ್ತು. ಅವರು ತೇವದ ಮಣ್ಣಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದರು. ಎತ್ತ ನೋಡಿದರೂ ಕಾಂಡಗಳು, ಒತ್ತೊತ್ತಾಗಿ, ಉಸಿರಾಡಲೂ ಎಡೆಯಿಲ್ಲದಂತೆ. ಆಗ ಮೇಲಿನಿಂದ ಒಂದು ಕೈ ಇಳಿಯಿತು. ಬೆರಳ ತುದಿ ಹಸಿರಾಗಿತ್ತು. ಅವರಿಗೆ ಭಯವಾಗಲಿಲ್ಲ. ಒಂದು ಬೆರಳು ಅವರ ಹೆಗಲನ್ನು ಒತ್ತಿ ಹಿಡಿಯಿತು, ಬಿಗಿಯಾಗಿ, ಬೆಚ್ಚಗೆ. ಪಕ್ಕದಲ್ಲಿದ್ದ ಎತ್ತರದ್ದೇನೋ ಸದ್ದಿಲ್ಲದೆ ಮೇಲಕ್ಕೆ ಹೋಯಿತು. ಕೈ ಮುಂದೆ ಸರಿಯಿತು. ಅವರು ನಿಂತಲ್ಲೇ ಉಳಿದರು. ಮುಖಕ್ಕೆ ಗಾಳಿ ತಾಗಿತು.

ಕಣ್ಣು ಬಿಟ್ಟಾಗ ಕಿಟಕಿಯ ಪರದೆ ಅಲುಗುತ್ತಿತ್ತು. ಹೆಗಲಲ್ಲಿ ಆ ಒತ್ತು ಇನ್ನೂ ಇದ್ದಂತೆ ತೋರಿತು. ಮುಖ ತೊಳೆದು, ಕೈ ಒರೆಸಿಕೊಂಡು, ಒಂದು ಬಟ್ಟೆ ಒದ್ದೆ ಮಾಡಿ ಪಕ್ಕದಲ್ಲಿ ಹಾಸಿದರು. ದೇವರ ಹೆಸರು ಹೇಳಿ ಮೊದಲನೆಯದನ್ನು ಎಳೆದರು. ಇಷ್ಟು ಹಗುರವೆಂದು ತಿಳಿದಿರಲಿಲ್ಲ. ಕೂದಲಿಗಿಂತ ಸಣ್ಣ ಬಿಳಿಯ ಬೇರು ಗಾಳಿಯಲ್ಲಿ ನಡುಗಿತು. ಅದನ್ನು ಬಟ್ಟೆಯ ಮೇಲೆ ಮಲಗಿಸಿದರು. ಎರಡನೆಯದು ಸುಲಭವಾಗಲಿಲ್ಲ, ಹತ್ತನೆಯದೂ ಆಗಲಿಲ್ಲ. ಆದರೆ ಕೈ ನಿಲ್ಲಲಿಲ್ಲ. ಉದ್ದನೆಯವು ಹೋದವು, ಬಾಗಿದವು ಹೋದವು. ಬೋಗುಣಿಯಲ್ಲಿ ಎಷ್ಟೋ ದಿನಗಳ ನಂತರ ಮಣ್ಣಿನ ಕಪ್ಪು ಅಲ್ಲಲ್ಲಿ ಕಾಣಿಸಿಕೊಂಡಿತು. ಉಳಿದವು ಎಲೆ ಅಗಲಿಸಲು ಜಾಗ ಸಿಕ್ಕಂತೆ ಮಣ್ಣಿಗೆ ಒತ್ತಿಕೊಂಡು ಕೂತಿದ್ದವು.

ಸಂಜೆಯ ಹೊತ್ತಿಗೆ ತೀರ್ಮಾನವಾಗದೆ ನಡುವಿನಲ್ಲಿ ಎರಡು ಸಸಿ ಉಳಿದವು. ಒಂದೇ ಕಡೆ ಹುಟ್ಟಿ, ಬುಡಕ್ಕೆ ಬುಡ ತಾಗಿಸಿ ನಿಂತಿದ್ದವು. ಒಂದೇ ಎತ್ತರ, ಒಂದೇ ಗಟ್ಟಿ. ಬಿಡಿಸಿ ಬೇರೆ ಬೇರೆ ನೆಡೋಣವೆಂದು ಕಡ್ಡಿಯ ತುದಿಯಿಂದ ಮಣ್ಣು ಸರಿಸಿ ನೋಡಿದರು. ಕೆಳಗೆ ಬೇರುಗಳು ಒಂದರೊಳಗೊಂದು ಹೆಣೆದುಕೊಂಡಿದ್ದವು. ಉದ್ದದ್ದು ಬೇಡ, ಗಟ್ಟಿಯದು ಬೇಕು ಎಂದು ಪುಟ್ಟಿ ಹೇಳಿದ ಲೆಕ್ಕ ಇಲ್ಲಿ ನಡೆಯುವಂತಿರಲಿಲ್ಲ. ಬಹಳ ಹೊತ್ತು ಕೂತರು. ಆಮೇಲೆ ಎಡಗೈ ಬೆರಳನ್ನು ಒಂದರ ಬುಡಕ್ಕೆ ಒತ್ತಿ, ಇನ್ನೊಂದನ್ನು ಎಳೆದರು. ಅದನ್ನೇ ಏಕೆಂದು ಅವರಿಗೂ ಗೊತ್ತಿಲ್ಲ.

ಉಳಿದದ್ದು ಮೆಲ್ಲಗೆ, ಜೊತೆಯದು ನಿಂತಿದ್ದ ಕಡೆಗೆ ವಾಲಿತು. ಬೆರಳಿನಿಂದ ಮಣ್ಣು ದೂಡಿ ಆಸರೆ ಕೊಟ್ಟರು. ಸ್ವಲ್ಪ ನೆಟ್ಟಗಾಯಿತು, ಪೂರ್ತಿ ಆಗಲಿಲ್ಲ. ಎರಡು ಹನಿ ನೀರು ಬಿಟ್ಟು, ಬೋಗುಣಿಯನ್ನು ಬೆಳಕಿಗೆ ತುಸು ತಿರುಗಿಸಿ, ಅವರು ಅದರ ಪಕ್ಕದಲ್ಲೇ ಕೂತರು.