ಭೂತಪ್ಪನ ಬೆಣೆ

ಹುಂಚದ ಭೂತಪ್ಪನಿಗೆ ಮಾತಿಗೆ ಸಿಗುತ್ತಿದ್ದವರೆಂದರೆ ಚಾಕುವಿಗೆ ಸಾಣೆ ಹಿಡಿಸಲು ಬರುವ ಕೇರಿಯ ಹೆಂಗಸರು ಮಾತ್ರ. ಎಂಟು ದಿನಕ್ಕೊಮ್ಮೆ ಬಂದು, ಕೆಲಸ ಮುಗಿಯುವ ತನಕ ಜಗಲಿಯಲ್ಲಿ ಕೂತು, ಊರ ಸುದ್ದಿಯನ್ನೆಲ್ಲ ಸುರಿದು ಹೋಗುತ್ತಿದ್ದರು. ಈಚೆಗೆ ಕೈ ನಡುಗತೊಡಗಿತೆಂದು ಅವನು ಹಲಸಿನ ತುಂಡಿನಲ್ಲೊಂದು ಬೆಣೆ ಮಾಡಿಕೊಂಡ. ಕೋನಮಾಪಕವಿಟ್ಟು ಸರಿಯಾಗಿ ಇಪ್ಪತ್ತು ಡಿಗ್ರಿಗೆ ಕೆತ್ತಿದ್ದ. ಚಾಕುವನ್ನು ಅದಕ್ಕೊರಗಿಸಿ ಕಲ್ಲಿನ ಮೇಲೆ ಉಜ್ಜಿದರೆ ಕೈ ನಡುಗಿದರೂ ಓರೆ ಕದಲದು.

ಆ ವಾರ ಬಂದವರ ಚಾಕುಗಳಿಗೆಲ್ಲ ಹಾಗೆಯೇ ಸಾಣೆ ಹಿಡಿದುಕೊಟ್ಟ. ಅದಾದ ಮೇಲೆ ಎರಡು ತಿಂಗಳು ಒಂದು ನರಪಿಳ್ಳೆಯೂ ಬರಲಿಲ್ಲ. ಕೊನೆಗೆ ಬಸ್ ಸ್ಟಾಪಿನಲ್ಲಿ ಪಕ್ಕದ ಮನೆಯ ಗುತ್ಯಮ್ಮನನ್ನು ಕೇಳಿಯೇಬಿಟ್ಟ.

"ಎಂತ ಗುತ್ಯಮ್ಮ, ನಮ್ಮನೆ ಕಡೆ ಬರೋದೇ ಬಿಟ್ರಲ್ಲ?"

"ಬಂದೆಂತ ಮಾಡ್ಲಿ ಭೂತಪ್ಪಣ್ಣ? ನೀವು ಸಾಣೆ ಹಿಡಿದ ಚಾಕು ಇನ್ನೂ ಮೊಂಡಾಗ್ಲೇ ಇಲ್ಲ ಮಾರಾಯ್ರೆ!"

ಹೊಗಳಿಕೆ ಕೇಳಿ ಭೂತಪ್ಪನಿಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದವನೇ ಬೆಣೆಯನ್ನು ತುಂಬ ಹೊತ್ತು ದಿಟ್ಟಿಸಿದ. ಅಂಚು ತೆಳುವಾದಷ್ಟೂ ಹರಿತ ಹೆಚ್ಚು, ಬಾಳಿಕೆ ಕಡಿಮೆ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಉಳಿ ತಂದು, ಬೆಣೆಯ ಇಪ್ಪತ್ತು ಡಿಗ್ರಿಯನ್ನು ಹತ್ತಕ್ಕೆ ಇಳಿಸಿದ. ಜಗಲಿ ಗುಡಿಸಿ ಚಾಪೆ ಹಾಸಿದ. ಆಮೇಲೆ ಬೇಲಿಯ ಹತ್ತಿರ ಹೋಗಿ ಕೂಗಿದ:

"ಗುತ್ಯಮ್ಮ, ಆ ಚಾಕು ತಗೊಂಡ್ ಬನ್ನಿ. ಇನ್ನೂ ಹರಿತ ಮಾಡ್ಕೊಡ್ತೀನಿ."