ಕರಗಿ ಮತ್ತೆ ಗಟ್ಟಿಯಾದ ಕೇಕು

ಬಟಾಣಿ ಪೊಟ್ಟಣ ಕಲ್ಲಾಗಿತ್ತು. ಕೇಕಕ್ಕ ಅದನ್ನು ಎತ್ತಿ ಅಲುಗಿಸಿದಳು. ಕಾಳು ಗಲಗಲ ಅನ್ನಬೇಕಿತ್ತು, ಅನ್ನಲಿಲ್ಲ. ಎಲ್ಲವೂ ಅಂಟಿಕೊಂಡು ಒಂದೇ ಇಟ್ಟಿಗೆಯಾಗಿತ್ತು. ಫ್ರೀಜರಿನೊಳಗೆ ಬಗ್ಗಿ ನೋಡಿದಳು. ತಳದಲ್ಲಿ ನೀರು ಹರಡಿ, ಮತ್ತೆ ಹೆಪ್ಪುಗಟ್ಟಿ, ಗಾಜಿನ ಹಾಳೆಯ ಹಾಗೆ ಕೂತಿತ್ತು.

ಕೇಕಕ್ಕ ಅನ್ನುವುದು ಬೀದಿಯ ಮಕ್ಕಳಿಟ್ಟ ಹೆಸರು. ಮನೆಯಲ್ಲೇ ಕೇಕು ಮಾಡಿ ಮಾರುವವಳು. ತಂಗಿ ಪುಟ್ಟಿಯ ಮದುವೆ ಭಾನುವಾರ. ಅದಕ್ಕೆಂದು ಮೂರಂತಸ್ತಿನ ಕೇಕನ್ನು ಹಿಂದಿನ ವಾರವೇ ಬೇಯಿಸಿ, ಪೂರ್ತಿ ಆರಿಸಿ, ಕ್ರೀಮು ಹಚ್ಚದೆ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಫಾಯಿಲ್ ಹೊದಿಸಿ ಇಟ್ಟಿದ್ದಳು. ಹಾಗೆ ಇಟ್ಟಿದ್ದನ್ನು ಬಿಚ್ಚದೆ ಫ್ರಿಜ್ಜಿನಲ್ಲಿ ನಿಧಾನವಾಗಿ ಕರಗಿಸಿದರೆ ಬೆವರೆಲ್ಲ ಪ್ಲಾಸ್ಟಿಕ್ಕಿನ ಮೇಲೇ ಉಳಿಯುತ್ತದೆ, ಕೇಕು ಈಗಷ್ಟೇ ಮಾಡಿದಂತಿರುತ್ತದೆ. ಆದರೆ ಒಮ್ಮೆ ಕರಗಿದ್ದನ್ನು ಮತ್ತೆ ಗಟ್ಟಿ ಮಾಡಿದರೆ ಅದರ ಕಥೆ ಮುಗಿಯಿತು.

ಫಾಯಿಲ್ ಬಿಡಿಸಿದಳು. ಅಡಿಯಲ್ಲಿದ್ದ ಕೇಕು ಮೇಲಿನದರ ಭಾರಕ್ಕೆ ಕುಸಿದು ಚಪ್ಪಟೆಯಾಗಿತ್ತು. ಪ್ಲಾಸ್ಟಿಕ್ಕಿನ ಒಳಗೆಲ್ಲ ಮಂಜಿನ ಹರಳು.

ಗಂಡ ಲಿಫ್ಟ್ ರಿಪೇರಿ ಮಾಡುವವನು, ತಂತಿ ಮೋಟಾರುಗಳ ಜೊತೆಯೇ ಬದುಕಿದವನು. ಪ್ಲಗ್ಗಿನಿಂದ ಹಿಡಿದು ಎಲ್ಲ ಬಿಚ್ಚಿ ನೋಡಿ, "ಇದಕ್ಕೇನೂ ಆಗಿಲ್ಲ ಕಣೇ. ಯಾರೋ ಆರಿಸಿ, ಮತ್ತೆ ಹಾಕಿದಾರೆ" ಅಂದ.

"ಕರೆಂಟ್ ಹೋಗಿರ್ಬೇಕು ಭಾವ," ಅಂದಳು ಪುಟ್ಟಿ.

ಕೆಳಗಿನ ಮನೆಯವರನ್ನು ಕೇಳಿದರೆ, ಕರೆಂಟ್ ಒಂದು ಸಲವೂ ಹೋಗಿರಲಿಲ್ಲ. ಕೇಕು ಫ್ರೀಜರಿನಲ್ಲಿಟ್ಟ ಮೇಲೆ ಕೇಕಕ್ಕ ಗಂಡನ ಜೊತೆ ಎರಡು ದಿನ ಊರಿಗೆ ಹೋಗಿದ್ದಳು. ಆಗ ಪುಟ್ಟಿ ಗೆಳತಿಯ ಮನೆಯಲ್ಲಿದ್ದಳು. ಮನೆಗೆ ಬೀಗ ಹಾಕಿತ್ತು.

"ಕೀ ಯಾರಿಗಾದ್ರೂ ಕೊಟ್ಟಿದ್ಯಾ?" ಕೇಕಕ್ಕ ತಂಗಿಯನ್ನು ಕೇಳಿದಳು.

"ಇವರ ಹತ್ರ ಒಂದಿದೆ. ಅದಕ್ಕೇನೀಗ?" ಪುಟ್ಟಿಯ ಮುಖ ಬಿಗಿಯಿತು.

'ಇವರು' ಅಂದರೆ ಮದುವೆ ಗಂಡು. ಮುಖ್ಯ ರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವನು. ಅವನ ದನಿ ಏರಿದ್ದನ್ನು ಯಾರೂ ಕೇಳಿರಲಿಲ್ಲ. ಮನೆಯ ಕೇಕು ಬೇಡ, ಅಂಗಡಿಯದು ತರಿಸೋಣ ಅಂತ ಮೊದಲೊಮ್ಮೆ ಹೇಳಿದ್ದ. ಪುಟ್ಟಿ ಮೊದಲ ಬಾರಿಗೆ ಅವನ ಮಾತು ಮೀರಿ, "ಇಲ್ಲ, ಅಕ್ಕನದೇ ಆಗ್ಬೇಕು" ಅಂದಿದ್ದಳು. ಅವನು ನಕ್ಕು ಸುಮ್ಮನಾಗಿದ್ದ.

ಸಂಜೆ ಬಂದ. ಪುಟ್ಟಿ ಬಟ್ಟೆ ಬದಲಿಸಲು ಒಳಗೆ ಹೋದಾಗ ಅಡುಗೆಮನೆ ಬಾಗಿಲಲ್ಲಿ ನಿಂತು ಕನ್ನಡಕ ಒರೆಸುತ್ತ, "ತುಂಬಾ ಬೇಜಾರಾಯ್ತಾ ಅಕ್ಕಾ?" ಅಂದ.

"ಆಗ್ದೆ ಇರುತ್ತಾ?"

"ಸ್ವಿಚ್ ನಾನೇ ಆರಿಸಿದ್ದು." ಹವಾಮಾನದ ಮಾತಾಡಿದಷ್ಟೇ ಸಲೀಸಾಗಿ ಹೇಳಿದ. "ಹೋಗಿ ಹೇಳಿ ಬೇಕಾದ್ರೆ. ಅವಳು ಯಾರನ್ನ ನಂಬ್ತಾಳೆ ನೋಡೋಣ."

ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದ ಗಾಜಿನಂತೆ ಅವಳನ್ನು ನೋಡಿದ.

ಅವನು ಹೋದ ಮೇಲೆ ತಂಗಿಗೆ ಹೇಳಿದಳು. ಪುಟ್ಟಿ ಸಿಡಿದಳು. "ನಾನು ಈ ಮನೆ ಬಿಟ್ಟು ಹೋಗೋದು ನಿಂಗೆ ಇಷ್ಟ ಇಲ್ಲ. ಅದಕ್ಕೇ ಏನೇನೋ ಕಟ್ತೀಯ!" ಅಂತ ಬಾಗಿಲು ಹಾಕಿಕೊಂಡಳು. ಅವನು ಅಂದ ಹಾಗೇ ಆಯಿತು.

ಕೇಕಕ್ಕ ವಾದ ಮಾಡಲಿಲ್ಲ. ಮೊಟ್ಟೆ ತರಿಸಿದಳು, ಹಿಟ್ಟು ಜರಡಿ ಹಿಡಿದಳು, ಒಲೆ ಹಚ್ಚಿದಳು. ಮರುದಿನ ಮಧ್ಯಾಹ್ನ ಪುಟ್ಟಿ ಬಂದು ತಾನಾಗಿಯೇ ಬೆಣ್ಣೆ ಸಕ್ಕರೆ ಕಲಸತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತದೆ ಹೇಳಿದಳು, "ಅಕ್ಕಾ, ಹೋದ ತಿಂಗಳು ನಮ್ಮ ಕ್ಲಿನಿಕ್ಕಿಗೆ ಯಾರೋ ಫೋನ್ ಮಾಡಿ ಪುಟ್ಟಿ ಇನ್ಮೇಲೆ ಕೆಲಸಕ್ಕೆ ಬರಲ್ಲ ಅಂದಿದ್ರು. ನಾನು ನಿಜವಾಗ್ಲೂ ಕೆಲಸ ಬಿಟ್ಟೆ ಅಂತ ಬೇರೆಯವರನ್ನ ಸೇರಿಸ್ಕೊಂಡ್ಬಿಟ್ರು. ಇವರು 'ಹೋಗ್ಲಿ ಬಿಡು, ಒಳ್ಳೇದೇ ಆಯ್ತು' ಅಂದ್ರು."

ಅಕ್ಕ ಕೈಗಂಟಿದ ಹಿಟ್ಟು ಕೊಡವಿ ಅವಳ ಪಕ್ಕಕ್ಕೆ ಬಂದಳು.

"ನಾಳೆ ನಾವೆಲ್ಲ ಬಟ್ಟೆ ಅಂಗಡಿಗೆ ಹೋಗ್ತೀವಿ, ಹೊಸ ಕೇಕು ಫ್ರೀಜರ್‌ನಲ್ಲಿದೆ ಅಂತ ಅವರಿಗೆ ಹೇಳ್ತೀನಿ. ನೀವಿಬ್ರೂ ಹೋಗಿ. ನಾನು ಇಲ್ಲೇ ಇರ್ತೀನಿ. ನನ್ನ ಕಣ್ಣಾರೆ ನೋಡ್ಬೇಕು."

"ಒಬ್ಬಳೇ ಬೇಡ," ಅಂದಳು ಅಕ್ಕ. ಗಂಡ ಕೆಳಗಿನ ಮನೆಯಲ್ಲಿ ಕಾದಿರುವುದೆಂದು ತೀರ್ಮಾನವಾಯಿತು.

ಶುಕ್ರವಾರ ಬೆಳಿಗ್ಗೆ ಪುಟ್ಟಿ ಫ್ರೀಜರಿದ್ದ ಕೋಣೆಯಲ್ಲಿ, ಹಿಟ್ಟಿನ ಡಬ್ಬಗಳ ಕಪಾಟಿನ ಹಿಂದೆ ಕೂತಳು. ಬೀಗ ತೆಗೆದ ಸದ್ದಾಯಿತು. ಅವನು ಅವಸರವಿಲ್ಲದೆ ಬಂದ. ಸ್ವಿಚ್ ಆರಿಸಿದ. ಇಷ್ಟು ಹೊತ್ತು ಗುಂಯ್‌ಗುಡುತ್ತಿದ್ದ ಕೋಣೆ ಒಮ್ಮೆಲೇ ಸ್ತಬ್ಧವಾಯಿತು. ಮುಚ್ಚಳ ಎತ್ತಿ, ಕೇಕಿನ ಮೇಲೆ ಮಗುವಿನ ತಲೆ ಸವರಿದ ಹಾಗೆ ಕೈಯಾಡಿಸಿದ. ಆಮೇಲೆ ಹೋಗಬಹುದಿತ್ತು, ಹೋಗಲಿಲ್ಲ. ಜೇಬಿನಿಂದ ಫೋನ್ ತೆಗೆದ.

ಪುಟ್ಟಿಯ ಮುಷ್ಟಿಯೊಳಗೆ ಫೋನು ನಡುಗತೊಡಗಿತು. ಸದ್ದು ಆರಿಸಿದ್ದರೂ ಆ ಮೌನದಲ್ಲಿ ಅದು ಜೀರುಂಡೆಯಂತೆ ಕೇಳುತ್ತಿತ್ತು.

ಅವನು ತಿರುಗಲಿಲ್ಲ. ಕಿವಿಗೊಟ್ಟು ನಿಂತ. ಆಮೇಲೆ ತೀರಾ ಮೆತ್ತಗೆ ಕರೆದ, "ಪುಟ್ಟೀ... ಬಾ ಈಚೆಗೆ."

ಅವಳು ಎದ್ದು ಬಂದಳು. ಅವನ ಮುಖದಲ್ಲಿ ನಾಚಿಕೆಯಾಗಲಿ ಗಾಬರಿಯಾಗಲಿ ಇರಲಿಲ್ಲ.

"ನೋಡಿದ್ಯಾ, ನಿಮ್ಮಕ್ಕ ನಿನ್ನ ಕೈಲಿ ಎಂಥ ಕೆಲಸ ಮಾಡಿಸ್ತಿದಾಳೆ," ಅಂದ.

"ಕ್ಲಿನಿಕ್ಕಿಗೆ ಫೋನ್ ಮಾಡಿದ್ದೂ ನೀವೇನಾ?"

"ನಿನಗೆ ಯಾವುದು ಒಳ್ಳೇದು ಅಂತ ನಿನಗಿಂತ ಚೆನ್ನಾಗಿ ನನಗೆ ಗೊತ್ತು."

"ನನಗೆ ಈ ಮದುವೆ ಬೇಡ. ಕೀ ಕೊಡಿ." ಅವಳು ಕೈ ಚಾಚಿದಳು.

ಅವನು ಕೀಲಿಯನ್ನು ಬೆರಳಿಗೆ ಸಿಕ್ಕಿಸಿ ಒಮ್ಮೆ ತಿರುಗಿಸಿ ಮತ್ತೆ ಜೇಬಿಗಿಳಿಸಿದ. "ಭಾನುವಾರ ಬೆಳಿಗ್ಗೆ ಬೇಗ ರೆಡಿಯಾಗು," ಅಂದು ನಡೆದುಬಿಟ್ಟ. ಮೆಟ್ಟಿಲಲ್ಲಿ ಎದುರಾದ ಭಾವನಿಗೆ ನಮಸ್ಕಾರವನ್ನೂ ಮಾಡಿದನಂತೆ.

ಅಂದೇ ಬೀಗ ಬದಲಿಸಿದರು. ಕರೆದವರಿಗೆಲ್ಲ ಫೋನ್ ಮಾಡಿ ಮದುವೆ ನಿಂತಿತೆಂದು ಹೇಳಿದರು. ಅವನ ತಾಯಿಗೂ ಹೇಳಿದರು. ಆ ಹೆಂಗಸು "ಹುಡುಗೀನ ಈ ಊರಲ್ಲಿ ಇಟ್ಕೋಬೇಡಿ" ಅಂತಷ್ಟೇ ಅಂದು ಫೋನ್ ಇಟ್ಟಳು.

ಭಾನುವಾರ ಸಂಜೆ, ಮದುವೆಗೆಂದು ಗೊತ್ತು ಮಾಡಿದ್ದ ಸಭಾಂಗಣದ ಕಾವಲುಗಾರ ಫೋನ್ ಮಾಡಿದ. ಮದುಮಗ ಹೊಸ ಸೂಟು ತೊಟ್ಟು ಬೆಳಿಗ್ಗೆಯೇ ಬಂದಿದ್ದಾನೆ, ಖಾಲಿ ಕುರ್ಚಿಗಳ ಮುಂದೆ ವೇದಿಕೆಯ ಮೇಲೆ ಒಬ್ಬನೇ ಕೂತಿದ್ದಾನೆ, ಕೇಳಿದರೆ 'ಹೆಂಡತಿ ಬರ್ತಾಳೆ, ಸ್ವಲ್ಪ ತಡ' ಅನ್ನುತ್ತಾನೆ, ಏನು ಮಾಡಲಿ ಅಂತ ಕೇಳಿದ.

ಮರುದಿನ ಕೇಕಕ್ಕ ತಂಗಿಯನ್ನು ದೂರದ ಊರಿನ ಬಸ್ಸು ಹತ್ತಿಸಿದಳು. ಅಲ್ಲಿ ಗೆಳತಿಯೊಬ್ಬಳು ಕೆಲಸ ನೋಡಿಟ್ಟಿದ್ದಳು. ಪುಟ್ಟಿ ಕಿಟಕಿಯಿಂದ ಅಕ್ಕನ ಕೈ ಹಿಡಿದು ಕೇಳಿದಳು, "ಅವರು ಅಲ್ಲಿಗೂ ಬಂದ್ರೆ?"

"ಬರಲ್ಲ ಕಣೇ" ಅನ್ನಬೇಕೆಂದು ಬಾಯಿ ತೆರೆದಳು ಅಕ್ಕ. ಆಗಲಿಲ್ಲ. "ಬಂದ ತಕ್ಷಣ ನಂಗೆ ಫೋನ್ ಮಾಡು" ಅಂದಳು. ಬಸ್ಸು ಹೊರಟಿತು. ಅವಳು ಅದರ ಹಿಂದೆ ಹೊರಡುವ ಪ್ರತಿಯೊಂದು ಗಾಡಿಯೊಳಗೂ ಇಣುಕಿ ನೋಡುತ್ತ ಅಲ್ಲೇ ನಿಂತಳು.