ಹಸಿರು ರೇಷ್ಮೆಯಲ್ಲಿ ಕೂತವಳು

ಊರಿನ ದೊಡ್ಡ ಮನೆಗಳ ಹೆಂಗಸರನ್ನೆಲ್ಲ ಬರೆದು ಹೆಸರಾಗಿದ್ದ ಚಿತ್ರಗಾರರು ನಮ್ಮ ಮನೆಗೂ ಬಂದರು. ಅವರು ಬರೆದ ಯಾವ ಹೆಂಗಸಿನ ಕತ್ತೂ ಗಿಡ್ಡವಾಗಿರುತ್ತಿರಲಿಲ್ಲ. ಇಸ್ತ್ರಿ ಮುರಿಯದ ಅಂಗಿ, ಬಣ್ಣ ತಾಗದ ಬೆರಳು ನೋಡಿ ಅಜ್ಜಿ ಅವರಿಗೆ ನಾಜೂಕಯ್ಯ ಎಂದು ಹೆಸರಿಟ್ಟಳು.

ಅಮ್ಮನಿಗೆ ಇನ್ನು ವಾಸಿಯಾಗುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಅಪ್ಪ ಅವರನ್ನು ಕರೆಸಿದ್ದರು. ಅಮ್ಮನ ಒಂದು ಫೋಟೋವೂ ಸರಿಯಾಗಿರಲಿಲ್ಲ. ಕ್ಯಾಮೆರಾ ಕಂಡರೆ ಮುಖ ತಿರುಗಿಸುವವಳು. ನನಗೆ ಬೇಕಿದ್ದುದು ಒಂದೇ. ಅವಳು ಹೋದ ಮೇಲೂ ಅವಳ ಮುಖ ಮನೆಯಲ್ಲಿರಬೇಕು.

ಮೊದಲ ದಿನ ಅಮ್ಮ ಹಸಿರು ರೇಷ್ಮೆ ಸೀರೆ ಉಟ್ಟು ಕಿಟಕಿಯ ಬಳಿ ಕೂತಳು. ನಾಜೂಕಯ್ಯ ಕ್ಯಾನ್ವಾಸಿನ ಮೇಲೆ ಇದ್ದಿಲಿನಲ್ಲಿ ಗೀಚಿದರು. ಚಿಕ್ಕಂದಿನಲ್ಲಿ ಬಾಗಿಲಿಗೆ ಬಡಿದು ಹುಬ್ಬು ಸೀಳಿದ್ದ ಗುರುತು, ನಗು ತಡೆಯುವಾಗ ಸೊಟ್ಟಗಾಗುವ ತುಟಿ, ಎಲ್ಲ ಇದ್ದ ಹಾಗೇ ಬಂತು.

ಎರಡನೆಯ ಸಲ ಅಮ್ಮ ಕುರ್ಚಿಯಲ್ಲೇ ಕುಸಿದಳು.

"ತಾಯಿಯವರು ಮಲಗಲಿ," ಎಂದರು ನಾಜೂಕಯ್ಯ. "ಅವರ ಸೀರೆ ಉಟ್ಕೊಂಡು ನೀವು ಕೂತ್ಕೊಳ್ಳಿ. ಭುಜ, ಕೈ, ಅಷ್ಟಕ್ಕೇ. ಮುಖ ನನ್ನ ಕಣ್ಣಲ್ಲಿದೆ."

ಕೂತೆ. ರಾಣಿಯನ್ನು ಬಾವಿಗೆ ನೂಕಿ, ಅವಳ ಬಟ್ಟೆ ತೊಟ್ಟು ಸಿಂಹಾಸನದ ಮೇಲೆ ಕೂತ ರಕ್ಕಸಿಯ ಕತೆ ನೆನಪಾಯಿತು. ಅದನ್ನು ಹೇಳಿದ್ದವಳು ಅಜ್ಜಿಯೇ.

"ಅಜ್ಜಿ, ನಾನು ಆ ರಕ್ಕಸಿ ಥರ ಇದೀನಾ?"

"ಬಿಡ್ತು ಅನ್ನು! ರಕ್ಕಸಿ ನಿನ್ನ ಹಾಗೆ ಗೂನು ಹಾಕ್ಕೊಂಡು ಕೂತಿರ್ಲಿಲ್ಲ. ನೆಟ್ಟಗೆ ಕೂತ್ಕೊ."

ಚಿತ್ರದಲ್ಲಿ ಕೈಗಳು ನನ್ನವಾದವು, ಆಗಲಿ ಎಂದುಕೊಂಡೆ. ಕೆನ್ನೆ ತುಂಬಿಕೊಂಡಿತು. ಒಂದು ಮಧ್ಯಾಹ್ನ ಕುರ್ಚಿಯಿಂದ ಎದ್ದು ನೋಡಿದರೆ ಇದ್ದಿಲಿನ ಗೆರೆಯ ಮೇಲೆ ಬಣ್ಣ ಬಿದ್ದು ಹುಬ್ಬಿನ ಗುರುತೇ ಇಲ್ಲ.

"ಗಾಯ ಎಲ್ಲಿ?"

"ಗಾಯಾನ ಯಾರಾದ್ರೂ ಗೋಡೆಗೆ ಹಾಕ್ಕೋತಾರೇನಮ್ಮ?"

"ಅದು ಅಮ್ಮಂದು. ವಾಪಸ್ ಬರೀರಿ."

ಅವರು ಕುಂಚ ಒರೆಸುತ್ತ ನಿಂತರು. "ಎರಡು ಸಲ ಪ್ರಯತ್ನಪಟ್ಟೆ. ಕೊಳೆ ಮೆತ್ತಿದ ಹಾಗೆ ಕಾಣುತ್ತೆ. ಮೊದಲ ದಿನ ಕೈ ಕಂಡದ್ದನ್ನ ಬರೆಯುತ್ತೆ. ಆಮೇಲೆ ಅಭ್ಯಾಸ ಆಗಿರೋದನ್ನೇ ಬರೆಯುತ್ತೆ. ನಾನೇನು ಮಾಡ್ಲಿ?"

ದನಿಯಲ್ಲಿ ಸೊಕ್ಕಿರಲಿಲ್ಲ. ಸೊಕ್ಕಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಅಮ್ಮನನ್ನು ಒಂದು ಗಳಿಗೆ ಕೂರಿಸೋಣವೆಂದು ಒಳಗೆ ಓಡಿದೆ. ದಿಂಬಿನಿಂದ ತಲೆಯೆತ್ತಲೂ ಅವಳಿಗೆ ಆಗಲಿಲ್ಲ. ಮರುದಿನ ಮತ್ತೆ ನಾನೇ ಹಸಿರು ರೇಷ್ಮೆ ಉಟ್ಟು ಕೂತೆ. ಕೂರದಿದ್ದರೆ ಆ ಚಿತ್ರವೂ ಇರುತ್ತಿರಲಿಲ್ಲ.

ಮುಗಿದ ಚಿತ್ರವನ್ನು ಅಪ್ಪ ಮಂಚದ ಎದುರಿಗಿಟ್ಟರು. "ಮದುವೆಯಾದ ಹೊಸದರಲ್ಲಿ ಹೀಗೇ ಇದ್ದೆ ನೀನು," ಎಂದವರು ಕಣ್ಣೊರೆಸಿಕೊಳ್ಳುತ್ತ ಹೊರಗೆ ಹೋದರು.

ಅಮ್ಮ ನನ್ನನ್ನು ಹತ್ತಿರ ಕರೆದಳು. "ಇದು ನೀನು ಕಣೇ," ಎಂದಳು. ತುಟಿ ಒಂದು ಕಡೆಗೆ ಸೊಟ್ಟಗಾಯಿತು. "ಅಪ್ಪನಿಗೆ ಹೇಳ್ಬೇಡ."

ಈಗ ಚಿತ್ರ ಹಜಾರದಲ್ಲಿದೆ. ಬಂದವರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಾರೆ. "ಅಮ್ಮನನ್ನೇ ಎರಕ ಹೊಯ್ದ ಹಾಗಿದೀಯಲ್ಲೇ!" ಅಪ್ಪ ತಲೆಯಾಡಿಸುತ್ತಾರೆ. ನಾನೂ ಹೂಂ ಎನ್ನುತ್ತೇನೆ.

ಕಣ್ಣು ಮುಚ್ಚಿ ಅಮ್ಮನನ್ನು ನೆನೆದರೆ ನೀಳ ಕತ್ತಿನವಳೇ ಬರುತ್ತಾಳೆ. ಮೊನ್ನೆ ಅಜ್ಜಿಯನ್ನು ಕೇಳಿದೆ: "ಅಮ್ಮನ ಗಾಯ ಯಾವ ಹುಬ್ಬಿನಲ್ಲಿತ್ತು?"

ಅಮ್ಮನನ್ನು ಹೆತ್ತವಳು ಅವಳು. ಬಾಯಿ ತೆರೆದಳು, ಎಡಕ್ಕೆ ಬೆರಳೆತ್ತಿದಳು, ಬಲಕ್ಕೆ ತಂದಳು. ಆಮೇಲೆ ಎದ್ದು ಹೋಗಿ ಚಿತ್ರವನ್ನೇ ನೋಡುತ್ತ ನಿಂತಳು.